ಆಟದ ಮನೆಯ ಹೊಸ್ತಿಲು

ನಮ್ಮ ತಿಕೋಟಾದಲ್ಲಿ ನಾಟಕದ ಮನೆಯೆಂದರೆ ಬಟ್ಟೆಯ ಮನೆ. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ರಸೂಲಸಾಬನೆಂಬವನು ಪರದೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಅರಮನೆ, ಅಡವಿ, ಬೀದಿ, ಮನೆ, ಇಷ್ಟೇ ಅವನ ಲೋಕ. ಅವನ್ನು ಬಿದಿರಿಗೆ ಸುತ್ತಿ ಬಸ್ಸಿನ ನೆತ್ತಿಯ ಮೇಲೆ ಹೇರಿಕೊಂಡು ತಾನೇ ಬರುತ್ತಿದ್ದ, ತಾನೇ ಹಗ್ಗ ಜಗ್ಗುತ್ತಿದ್ದ. ಅಡವಿಯ ಪರದೆಯಲ್ಲಿ ಒಂದು ಹುಲಿಯಿತ್ತು. ಎಂದೋ ಮಳೆಯಲ್ಲಿ ನೆನೆದು ಪಟ್ಟೆಗಳು ಅಳಿಸಿಹೋಗಿ, ಅದು ಈದ ಎಮ್ಮೆಯಂತೆ ಕಾಣುತ್ತಿತ್ತು. ಆದರೂ ರಾಜಕುಮಾರಿ ಅದರತ್ತ ಕೈಮಾಡಿ ಹುಲಿಯೆಂದು ಚೀರಿದರೆ ಮುಂದೆ ಕುಳಿತ ಹೆಂಗಸರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ನೋಡುವವರು ಒಪ್ಪಿಕೊಂಡ ಮೇಲೆ ಎಮ್ಮೆಯೂ ಹುಲಿಯೇ.

ನಾನು ಆಗ ಅಲ್ಲಿಯ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ಊರ ಹುಡುಗರಿಗೆ ನಾಟಕ ಕಲಿಸುವುದು, ಪೇಟಿ ಬಾರಿಸುವುದು, ಮಾತು ಮರೆತವರಿಗೆ ಬದಿಯಿಂದ ಮಾತು ಎತ್ತಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ.

೧೯೬೦ರ ಆಟದಲ್ಲಿ ಗಾಳಿ ನಮ್ಮ ಮಾನ ಕಳೆಯಿತು. ನಾಯಕನ ಪಾತ್ರ ಧೂಳಪ್ಪನದು. ಒಕ್ಕಲುತನದ ಹುಡುಗ, ಒಳ್ಳೆಯ ಕಂಠ. ತೀರಿಕೊಂಡ ತಾಯಿಯನ್ನು ನೆನೆದು ಅವನು ಮನೆಯ ಪರದೆಯ ಮುಂದೆ ಅಳುತ್ತಿದ್ದ. ಊರೆಲ್ಲ ಅವನೊಂದಿಗೆ ಅಳುತ್ತಿತ್ತು. ಆಗ ಪಡುವಣ ಗಾಳಿ ಬೀಸಿತು. ಮನೆ ಬಸುರಿಯ ಹೊಟ್ಟೆಯಂತೆ ಉಬ್ಬಿತು, ಅದರೊಂದಿಗೆ ಕಿಡಕಿ ಬಾಗಿಲುಗಳೂ ಉಬ್ಬಿದವು. ಕೊನೆಗೆ ಇಡೀ ಮನೆ ಬುಡ ಬಿಟ್ಟು ಮೇಲಕ್ಕೆ ಹಾರಿತು. ಹಿಂದೆ ನೋಡಿದರೆ, ತೀರಿಕೊಂಡ ತಾಯಿ ಸೀರೆಯನ್ನು ಮೊಣಕಾಲ ಮೇಲೆತ್ತಿಕೊಂಡು ತಗಡಿನ ಡಬ್ಬಿಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದಾಳೆ. ಆ ಪಾತ್ರ ದಶರಥನದು. ಅವನು ಗಾಬರಿಯಾಗಿ, ಬೀಡಿಯನ್ನು ಬಾಯಲ್ಲಿಯೇ ಇಟ್ಟುಕೊಂಡು, ಸತ್ತವಳಂತೆ ಅಡ್ಡಾದ. ಸತ್ತವಳ ಬಾಯಿಂದ ಹೊಗೆ ಮಾತ್ರ ಬರುತ್ತಲೇ ಇತ್ತು.

ಜನ ನಕ್ಕು ನಕ್ಕು ಮನೆಗೆ ಹೋದರು. ಧೂಳಪ್ಪ ಮಾತ್ರ ಇದನ್ನು ಮರೆಯಲಿಲ್ಲ. ಮರುವರ್ಷ ವಿಜಾಪುರಕ್ಕೆ ಹೋಗಿ ಒಂದು ಸಿನಿಮಾ ನೋಡಿ ಬಂದ. ಕಥೆ ಏನೆಂದು ಕೇಳಿದರೆ ಅವನಿಗೆ ನೆನಪಿರಲಿಲ್ಲ. ಬಾಗಿಲೊಂದನ್ನೇ ನೋಡಿ ಬಂದಿದ್ದ.

"ಮಾಸ್ತರ, ಆ ಬಾಗಲಾ ತಗದ್ರ ತಗೀತೈತಿ, ಹಾಕಿದ್ರ ಹಾಕತೈತಿ. ಅಂವ ಒಳಗ ಹೋಗಿ ಚಿಲಕಾ ಹಾಕ್ಕೊಂಡಾ ಅಂದ್ರ ಅಕಿ ಹೊರಗ ನಿಂತು ಅಳಬೇಕು, ಬ್ಯಾರೆ ದಾರಿನ ಇಲ್ಲ. ನಮ್ಮ ಪರದೇದ ಮನ್ಯಾಗ ಹೋಗಬೇಕಂದ್ರ ಬಗಲಾಗಿಂದ ಸುತ್ತ ಹಾಕಿ ಹೋಗಬೇಕು. ಈ ಸಲ ಖರೇ ಮನಿ ಕಟ್ಟೂಣ್ರಿ."

ಊರಿನ ಬಡಿಗ ಖಂಡಪ್ಪನನ್ನು ಕರೆಸಿದೆವು. ಅವನು ಬಿದಿರಿನ ತಟ್ಟಿಗೆ ಗೋಣಿಚೀಲ ಹೊದಿಸಿ, ಸಗಣಿ ಸಾರಿಸಿ, ಸುಣ್ಣ ಬಳಿದು ಮೂರು ಗೋಡೆ ಎಬ್ಬಿಸಿದ. ನಾಲ್ಕನೆಯ ಗೋಡೆ ನೋಡುವ ಜನ. ಬಾಗಿಲಿಗೆ ಬೇವಿನ ಕಟ್ಟಿಗೆಯ ಚೌಕಟ್ಟು ಕೆತ್ತತೊಡಗಿದ. ಕೆಳಗಿನ ಕಟ್ಟಿಗೆ ಬೇಡ, ಪಾತ್ರಧಾರಿಗಳು ಎಡವಿ ಬಿದ್ದಾರು ಎಂದು ನಾನು ಹೇಳಿದೆ. ಅವನು ಉಳಿ ಕೆಳಗಿಟ್ಟ. ಹೊಸ್ತಿಲಿಲ್ಲದ ಚೌಕಟ್ಟನ್ನು ತಮ್ಮ ಮನೆತನದಲ್ಲಿ ಯಾರೂ ಮಾಡಿಲ್ಲ, ಅದು ಬಾಗಿಲಲ್ಲ, ಗೋಡೆಯ ತೂತು ಎಂದ. ಹೊಸ್ತಿಲು ಬಂತು. ಹೊಸ್ತಿಲು ಬಂದ ಮೇಲೆ ಚೌಕಟ್ಟನ್ನು ಸುಮ್ಮನೆ ನಿಲ್ಲಿಸುವಂತಿಲ್ಲ, ಪೂಜೆ ಆಗಬೇಕು, ಮುತ್ತೈದೆ ಬೇಕು ಎಂದು ನನ್ನ ಮನೆಗೇ ಬಂದು ನಿಂತ.

ನನ್ನ ಹೆಂಡತಿ ಪರಸವ್ವ ಅದಕ್ಕೇ ಕಾದವಳಂತೆ ಎದ್ದಳು. ಹೊಸ್ತಿಲ ಕೆಳಗೆ ಐದು ಬಗೆಯ ಕಾಳು ಹಾಕಿದಳು. ಮೇಲೆ ಅರಿಶಿನ ಬಳಿದು ಕುಂಕುಮವಿಟ್ಟಳು, ಮಾವಿನ ತೋರಣ ಕಟ್ಟಿದಳು. ಇದು ನಾಟಕದ ಮನೆ, ಆಟ ಮುಗಿದ ಮರುದಿನ ಬಿಚ್ಚುತ್ತೇವೆ ಎಂದು ನಾನು ತಿಳಿಸಿ ಹೇಳಿದೆ. ಹೊಸ್ತಿಲೆಂದ ಮೇಲೆ ಅಲ್ಲಿ ಲಕ್ಷ್ಮಿ ಬಂದು ಕೂಡುತ್ತಾಳೆ, ಇದು ಯಾರ ಮನೆ, ಎಷ್ಟು ದಿನದ ಮನೆ ಎಂದು ಅವಳು ಕೇಳುವುದಿಲ್ಲ ಎಂದಳು. ಅಂದಿನಿಂದ ದಿನಾಲು ಬೆಳಗ್ಗೆ ನಮ್ಮ ಮನೆಯ ರಂಗೋಲಿ ಮುಗಿಸಿ ನಾಟಕದ ಮನೆಗೂ ಹೋಗಿ ರಂಗೋಲಿ ಹಾಕಿ ಬರುತ್ತಿದ್ದಳು. ಇಷ್ಟು ವರ್ಷಗಳ ಮೇಲೆ, ಈ ಶ್ರಾವಣದಲ್ಲಿ ಅವಳು ಶಿವನ ಪಾದ ಸೇರಿದಳು. ನಮ್ಮ ಹೊಸ್ತಿಲಿಗೆ ಈಗ ನಾನೇ ಅರಿಶಿನ ಹಚ್ಚುತ್ತೇನೆ. ಗೆರೆ ನೆಟ್ಟಗೆ ಬರುವುದಿಲ್ಲ.

ಅರಿಶಿನ ಬಿದ್ದ ಮೇಲೆ ತಾಲೀಮಿನ ರೀತಿಯೇ ಬದಲಾಯಿತು. ಹುಡುಗರು ಚಪ್ಪಲಿಯನ್ನು ರಂಗದ ಕೆಳಗೇ ಬಿಟ್ಟು ಹತ್ತತೊಡಗಿದರು. ದಶರಥ ಬೀಡಿ ಸೇದಬೇಕಾದರೆ ಹೊಲದತ್ತ ನಡೆದ. ದುಷ್ಟನ ಪಾತ್ರದವನಿಗೆ ಮೂರನೆಯ ಅಂಕದಲ್ಲಿ ಬಾಗಿಲಿಗೆ ಉಗುಳುವ ಕೆಲಸವಿತ್ತು. ಅವನು ಪ್ರತಿದಿನವೂ ಬಾಯಿ ತುಂಬ ಉಗುಳು ಕೂಡಿಸಿಕೊಂಡು ಬಂದು, ಹೊಸ್ತಿಲು ಕಂಡು, ನುಂಗಿಕೊಂಡು ಹೋಗುತ್ತಿದ್ದ.

ಇನ್ನು ಧೂಳಪ್ಪನ ಕಷ್ಟ ಹೇಳಬೇಕು. ಹಿಂದಿನ ವೈಶಾಖದಲ್ಲಿ ಅವನಿಗೆ ಅರಕೇರಿಯ ರುಕ್ಮವ್ವನೊಂದಿಗೆ ಲಗ್ನವಾಗಿತ್ತು. ಲಗ್ನ ಅರಕೇರಿಯಲ್ಲಿಯೇ ಆಯಿತು. ಹುಡುಗಿ ಗಂಡನ ಮನೆಗೆ ಬಾಳ್ವೆ ನಡೆಸಲು ಬರುವುದು ಮಾತ್ರ ಉಳಿದಿತ್ತು. ದಸರೆ ಕಳೆಯಿತು, ಸಂಕ್ರಮಣ ಕಳೆಯಿತು, ಯುಗಾದಿಯೂ ಕಳೆಯಿತು. ಅವಳ ತಾಯಿ ಸಕ್ರವ್ವ ಮಗಳನ್ನು ಕಳಿಸಲಿಲ್ಲ. ಸಕ್ರವ್ವ ಗಂಡನಿಲ್ಲದ ಮೇಲೆ ಒಬ್ಬಳೇ ಎತ್ತು ಹೂಡಿ ಹೊಲ ಮಾಡಿದವಳು. ಮಾತು ಕಡಿಮೆ, ಆಡಿದ್ದು ಕಲ್ಲಿನ ಮೇಲಿನ ಗೆರೆ. ಅಳಿಯ ಬಣ್ಣ ಹಚ್ಚಿಕೊಳ್ಳುತ್ತಾನೆ, ಬಬಲೇಶ್ವರದ ಲಕ್ಕವ್ವನ ಕೈ ಹಿಡಿದು ಊರ ಮುಂದೆ ಹಾಡುತ್ತಾನೆ ಎಂಬುದು ಅವಳ ಸಿಟ್ಟು. ಲಕ್ಕವ್ವ ನಮ್ಮ ಸೀಮೆಯ ಆಟಗಳಿಗೆಲ್ಲ ನಾಯಕಿಯಾಗಿ ಬರುತ್ತಿದ್ದ ಹೆಂಗಸು. ಈ ವರ್ಷದ ಆಟ ತಾನೇ ಬಂದು ನೋಡುತ್ತೇನೆ, ಕಣ್ಣಿಗೆ ಸರಿ ಬಾರದಿದ್ದರೆ ಅಲ್ಲಿಯೇ ಪಂಚರನ್ನು ಕೂಡಿಸಿ ಸೋಡಚೀಟಿ ಬರೆಸಿ ಸಂಬಂಧ ಹರಿದುಕೊಳ್ಳುತ್ತೇನೆ ಎಂದು ಸಕ್ರವ್ವ ಹೇಳಿಕಳಿಸಿದ್ದಳು.

ನಾಟಕ ಬಿಟ್ಟುಬಿಡು ಎಂದು ನಾನು ಧೂಳಪ್ಪನಿಗೆ ಹೇಳಿದೆ. ಬಿಡುತ್ತೇನೆ, ಇದೊಂದು ಆಟ ಆಗಲಿ, ಬಾಗಿಲು ಒಂದು ಸಲವಾದರೂ ಜನರ ಮುಂದೆ ತೆರೆಯಲಿ ಎಂದ. ಹಾಗೆಂದವನು ಆ ಬಾಗಿಲಿಗೇ ತಲೆ ಆನಿಸಿಕೊಂಡು ನಿಂತ. ರುಕ್ಮವ್ವನನ್ನು ಅವನು ಲಗ್ನದ ದಿನ ನೋಡಿದ್ದೇ ನೋಡಿದ್ದು. ಹೆಸರು ಹೇಳಿದರೆ ಕಿವಿ ಕೆಂಪಾಗುತ್ತಿತ್ತು.

ಆಟದ ದಿನ ಹೊತ್ತಿರುವಾಗಲೇ ಅರಕೇರಿಯ ಬಂಡಿ ಬಂತು. ಸಕ್ರವ್ವ ಮಗಳನ್ನು ಕರೆದುಕೊಂಡು ಎಲ್ಲರಿಗಿಂತ ಮುಂದೆ, ರಂಗಕ್ಕೆ ಮೂಗು ತಾಗುವಷ್ಟು ಹತ್ತಿರ ಕುಳಿತಳು. ಪಕ್ಕದಲ್ಲಿ ಧೂಳಪ್ಪನ ತಾಯಿ ರಾಚವ್ವ. ಬೀಗತಿಯರಿಬ್ಬರೂ ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಂಡರು, ಮಾತಾಡಲಿಲ್ಲ. ಗ್ಯಾಸಬತ್ತಿ ಹಚ್ಚಿದೆವು. ರಸೂಲಸಾಬ ಮುಂದಿನ ಪರದೆ ಜಗ್ಗಿದ. ಸುಣ್ಣದ ಗೋಡೆ, ತೋರಣದ ಬಾಗಿಲು, ಒಳಗೊಂದು ಹಗ್ಗ ಹೆಣೆದ ಹೊರಸು ಕಂಡೊಡನೆ ಜನರ ಗದ್ದಲ ನಿಂತಿತು. ಹಿಂದಿನಿಂದ ಯಾರೋ ಒಬ್ಬ ಮುದುಕ ಇದು ಯಾರ ಮನೆಯೆಂದು ಕೇಳಿದ.

ಮೊದಲ ಪ್ರವೇಶವೇ ಮದುಮಗಳು ಮನೆ ತುಂಬುವುದು. ಹೊಸ ಸೊಸೆ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ಹಿಂದಿನ ವರ್ಷಗಳಲ್ಲಿ ಲಕ್ಕವ್ವ ಬಟ್ಟೆಯ ಬಾಗಿಲ ಮುಂದೆ ಗಾಳಿಯನ್ನು ಒದೆಯುತ್ತಿದ್ದಳು. ನಾನು ಪೇಟಿಯಲ್ಲಿ ಒಂದು ಸ್ವರ ಒತ್ತುತ್ತಿದ್ದೆ, ಅದೇ ಸೇರು ಉರುಳಿದ ಸಪ್ಪಳ. ಈ ಸಲ ಪರಸವ್ವ ನಮ್ಮ ಮನೆಯ ಹಿತ್ತಾಳೆ ಸೇರನ್ನೇ ತಂದು, ಅಕ್ಕಿ ತುಂಬಿ, ಹೊಸ್ತಿಲ ಮೇಲಿಟ್ಟು, ದೀಪ ಹಚ್ಚಿದ್ದಳು.

ಧೂಳಪ್ಪ ಬಾಸಿಂಗ ಕಟ್ಟಿಕೊಂಡು ಬಂದ. ಸೆರಗಿನ ಗಂಟು ಹಿಡಿದು ಲಕ್ಕವ್ವ ಬಂದಳು. ಒಳಗೆ ಅತ್ತೆಯ ವೇಷದ ದಶರಥ ಆರತಿ ತಟ್ಟೆ ಹಿಡಿದು ನಿಂತಿದ್ದ. ನಾನು ಸೋಬಾನದ ಧಾಟಿ ಎತ್ತಿದೆ. ಲಕ್ಕವ್ವ ಬಲಗಾಲು ಎತ್ತಿದಳು.

"ಏ ತಂಗಿ, ಆ ಕಾಲ ಹಿಂದಕ್ಕ ತಗಿ."

ಸಕ್ರವ್ವ ಎದ್ದು ನಿಂತಿದ್ದಳು. ನನ್ನ ಕೈ ಪೇಟಿಯ ಮೇಲೆ ಹಾಗೇ ನಿಂತಿತು. ಆಯಿತು, ಸೋಡಚೀಟಿಯೇ ಎಂದುಕೊಂಡೆ. ಅವಳು ಸೀರೆ ಎತ್ತಿ ಕಟ್ಟಿ ರಂಗ ಹತ್ತಿದಳು. ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅರಿಶಿನವನ್ನು ಬೆರಳಿನಿಂದ ಒರೆಸಿ ನೋಡಿದಳು. ಪೂಜೆ ಆಗಿದೆಯೋ ಎಂದು ಕೇಳಿದಳು. ಆಗಿದೆಯೆಂದ ಖಂಡಪ್ಪ. ಕೆಳಗೆ ಕಾಳು ಹಾಕಿದ್ದೀರೋ ಎಂದು ಕೇಳಿದಳು. ಐದೂ ಬಗೆ ಹಾಕಿದ್ದೇನೆಂದಳು ಪರಸವ್ವ. ಸಕ್ರವ್ವ ನನ್ನ ಕಡೆ ತಿರುಗಿದಳು.

"ಹಂಗಾರ ಇದು ಮನಿ ಆತಲ್ರಿ ಮಾಸ್ತರ. ನನ್ನ ಅಳಿಯಾ ಇದರ ಯಜಮಾನ. ಅವನ ಮಗ್ಗಲಕ ನಿಂತು ಸೇರ ಒದ್ದು ಒಳಗ ಬಂದಾಕಿನ ಸೊಸಿ. ನನ್ನ ಮಗಳು ಅರಕೇರ್ಯಾಗ ಕುಂದ್ರೂದು, ಸೇರ ಬಬಲೇಶ್ವರದಾಕಿ ಒದಿಯೂದು, ಇದ್ಯಾವ ನ್ಯಾಯ?"

ಅವ್ವಾ, ಇದು ಆಟ, ಹೋದ ವರ್ಷವೂ ಲಕ್ಕವ್ವ ಹೀಗೆಯೇ ಬಂದಿದ್ದಳಲ್ಲ ಎಂದು ನಾನು ಕೈಮುಗಿದೆ.

"ಹ್ವಾದ ವರ್ಷ ಅರಿವಿ ಪರದೆ ಇತ್ತು. ಅರಿವ್ಯಾಗ ಯಾರ ಬಂದ್ರೇನು, ಯಾರ ಹ್ವಾದ್ರೇನು. ಇದು ಬೇವಿನ ಹೊಸ್ತಿಲಾ ಐತಿ."

ಜನ ನಗುತ್ತಾರೆಂದು ನಾನು ಕಾದೆ. ಒಬ್ಬರೂ ನಗಲಿಲ್ಲ. ಪೇಟಾ ಸುತ್ತಿದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ಹೌದಲ್ಲ ಎಂದು ತಲೆಯಾಡಿಸಿದರು. ಹಗ್ಗ ಹಿಡಿದ ರಸೂಲಸಾಬನೂ ತಲೆಯಾಡಿಸಿದ. ನನಗೂ ಒಳಗೊಳಗೆ ಅದು ಸರಿಯೆಂದೇ ತೋರಿತು. ಇಷ್ಟು ಹೊತ್ತು ಲಕ್ಕವ್ವ ಒಂಟಿಗಾಲಿನಲ್ಲಿಯೇ ಧೂಳಪ್ಪನ ಹೆಗಲು ಹಿಡಿದು ನಿಂತಿದ್ದಳು. ಈಗ ಕಾಲು ಇಳಿಸಿ ಹಿಂದೆ ಸರಿದಳು.

"ಖರೇ ಐತ್ರಿ ಯವ್ವಾ. ನಾ ಊರೂರಾಗ ಸೇರ ಒದ್ದೇನಿ, ಒಂದ ಮನಿಯೊಳಗೂ ಹೋಗಿಲ್ಲ. ಕರೀರಿ ನಿಮ್ಮ ಮಗಳ್ನ."

ಹೀಗೆಂದು ತನ್ನ ಹಣೆಯ ಬಾಸಿಂಗವನ್ನು ತಾನೇ ಬಿಚ್ಚಿ ಕೈಯಲ್ಲಿ ಹಿಡಿದಳು. ಸಕ್ರವ್ವ ಮಗಳಿಗೆ ಬಾ ಎಂದು ಕೂಗಿದಳು. ರಂಗಕ್ಕೆ ಹತ್ತಲು ಬದಿಯಲ್ಲಿ ಮೆಟ್ಟಿಲಿದ್ದವು. ಸಂಜೆಯಿಂದ ತಲೆ ಎತ್ತದೆ ಕುಳಿತಿದ್ದ ರುಕ್ಮವ್ವ ಆ ಮೆಟ್ಟಿಲುಗಳನ್ನು ಹುಡುಕಲೂ ಇಲ್ಲ. ಎದುರಿನಿಂದಲೇ ಒಂದು ನೆಗೆತಕ್ಕೆ ಮೇಲೆ ಬಂದು ನಿಂತಳು. ಲಕ್ಕವ್ವ ಅವಳ ಹಣೆಗೆ ಬಾಸಿಂಗ ಕಟ್ಟಿದಳು. ರಾಚವ್ವ, ಸೊಸೆಗೆ ಆರತಿ ಎತ್ತುವವಳು ತಾನು ಎಂದು ಒಳಗೆ ನುಗ್ಗಿದಳು. ದಶರಥ ತಟ್ಟೆ ಬಿಡಲಿಲ್ಲ. ಒಂದು ತಿಂಗಳು ಮಾತು ಬಾಯಿಪಾಠ ಮಾಡಿದ್ದೇನೆ, ಈ ಮನೆಯ ಅತ್ತೆ ನಾನು ಎಂದ. ಕಡೆಗೆ ಇಬ್ಬರು ಅತ್ತೆಯರೂ ಒಂದೇ ತಟ್ಟೆಯನ್ನು ಎರಡು ಕಡೆ ಹಿಡಿದುಕೊಂಡು ನಿಂತರು.

ರುಕ್ಮವ್ವ ಸೇರನ್ನು ಒದ್ದಳು. ಒಂದು ವರ್ಷ ಅರಕೇರಿಯಲ್ಲಿ ಕಾದು ಕುಳಿತ ಕಾಲು ಅದು. ಸೇರು ಉರುಳಲಿಲ್ಲ, ಹಾರಿತು. ದಶರಥನ ಕಿವಿಯ ಪಕ್ಕದಿಂದ ಹಾಯ್ದು ಹಿಂದಿನ ಗೋಡೆಗೆ ಬಡಿದು, ತುಸು ಸುಣ್ಣ ಉದುರಿಸಿತು. ಅಕ್ಕಿ ಊರ ತುಂಬ ಚೆಲ್ಲಿತು. ನನ್ನ ಪೇಟಿಯ ಮನೆಗಳಲ್ಲಿ ಸಿಕ್ಕಿಕೊಂಡ ಕಾಳುಗಳು ಮುಂದೆ ಎಷ್ಟೋ ದಿನ ಯಾವ ರಾಗ ಎತ್ತಿದರೂ ಕಿರುಗುಟ್ಟಿದವು. ಹೆಂಗಸರು ಸೋಬಾನ ಹಾಡಿದರು. ಅದನ್ನು ನಾನು ಕಲಿಸಿರಲಿಲ್ಲ.

ರುಕ್ಮವ್ವ ಒಳಗೆ ಹೋಗಿ ಹೊರಸಿನ ಮೇಲೆ ಕುಳಿತಳು. ಸಕ್ರವ್ವ ಕೈ ಝಾಡಿಸಿಕೊಂಡಳು. ಬಂದ ಕೆಲಸ ಆಯಿತು, ಮುಂದಿನದನ್ನು ಲಕ್ಕವ್ವ ಮಾಡಲಿ, ಇಳಿ, ಊರಿಗೆ ಹೋಗೋಣ ಎಂದು ಮಗಳನ್ನು ಕರೆದಳು. ಅಳಿಯ ನಾಟಕ ಬಿಟ್ಟ ಮೇಲೆ ಕಳಿಸುವುದನ್ನು ನೋಡೋಣ ಎಂದಳು.

ರುಕ್ಮವ್ವ ಏಳಲಿಲ್ಲ. ಧೂಳಪ್ಪನ ಮುಖ ಬಣ್ಣದ ಕೆಳಗೂ ಬಿಳುಪಾದದ್ದು ಕಾಣುತ್ತಿತ್ತು. ಆಗ ಪರಸವ್ವ, ಎಂದೂ ನಾಲ್ಕು ಜನರ ಮುಂದೆ ದನಿ ಎತ್ತದವಳು, ತೋರಣದ ಕೆಳಗೆ ಬಂದು ನಿಂತಳು.

"ಸಕ್ರವ್ವಕ್ಕಾ, ಇದು ಮನಿ ಅಂತ ನೀನ ಅಂದೆಲಾ ಬೇ. ಸೇರ ಒದ್ದ ಬಂದಾಕೀನ ಅದ ಗಳಿಗ್ಯಾಗ ಹೊರಗ ಕರಕೊಂಡ ಹ್ವಾದ್ರ ಮಂದಿ ಏನ ಅಂದಾರು?"

"ಇದು ಆಟದ ಮನಿ ಐತಿ."

"ಆಟದ ಮನಿ ಆದ್ರ ಲಕ್ಕವ್ವನ ಒದೀಲಿ. ಇನ್ನೊಮ್ಮಿ ಸೇರ ತುಂಬತೇನಿ, ತಡಿ."

ಮನೆಯೆಂದರೆ ಮಗಳನ್ನು ಬಿಡಬೇಕು, ಆಟವೆಂದರೆ ಸೇರನ್ನು ಬಿಡಬೇಕು. ಸಕ್ರವ್ವ ಹೊಸ್ತಿಲನ್ನು ನೋಡಿದಳು, ಲಕ್ಕವ್ವನ ಕಾಲನ್ನು ನೋಡಿದಳು. ಇಂಥ ಆಟವನ್ನು ಜನ ಕಂಡಿರಲಿಲ್ಲ. ಧೂಳಪ್ಪ ಮಾತು ಮರೆತವನಂತೆ ನನ್ನತ್ತ ತಿರುಗಿದ. ಮಾತು ಮರೆತವನ ಕಣ್ಣು ಕಂಡರೆ ಮಾತು ಎತ್ತಿಕೊಡುವುದು ನನ್ನ ರೂಢಿ. ಪುಸ್ತಕದಲ್ಲಿದ್ದ ಮಾತನ್ನೇ ಎತ್ತಿಕೊಟ್ಟೆ. ಅವನು ಹೊರಸಿನ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು, ಊರ ಕೊನೆಗೆ ಕೇಳಿಸುವಂತೆ ಹೇಳಿದ: "ಪ್ರಿಯೆ, ಈ ಗೃಹವು ಇಂದಿನಿಂದ ನಿನ್ನದು."

ಪ್ರಿಯೆ ನಾಚಿ ಬಾಸಿಂಗದೊಳಗೆ ನಕ್ಕಳು. ನಂತರ ತಾಯಿಯ ಕಡೆ ನೋಡಿ ಮೆಲ್ಲಗೆ ಹೇಳಿದಳು.

"ಯವ್ವಾ, ನೀ ಹೋಗು. ನಾ ಒಳಗ ಬಂದೇನಿ."

ಸಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂರು ಗೋಡೆಗಳನ್ನೂ ಒಂದೊಂದಾಗಿ ನೋಡಿ, ಈ ಮನೆಯಲ್ಲಿ ನೀರಿನ ಕೊಡ ಎಲ್ಲಿದೆ, ಕುಡಿಯುವ ನೀರಿಲ್ಲದ ಮನೆಯಲ್ಲಿ ಮಗಳನ್ನು ಹೇಗೆ ಬಿಡಲಿ ಎಂದು ಕೇಳಿದಳು. ಅವಳು ಸೋತದ್ದು ಅದರಿಂದಲೇ ತಿಳಿಯಿತು. ಕೇಳಿದ್ದೇ ತಡ, ಹೆಂಗಸರು ಓಣಿ ಓಣಿಗೆ ಓಡಿದರು. ತಾಮ್ರದ ಕೊಡ, ಮಣ್ಣಿನ ಕೊಡ, ಹಿತ್ತಾಳೆಯ ಬಿಂದಿಗೆ ಬಂದು ಬಂದು ರಂಗ ತುಂಬಿತು. ಒಬ್ಬಳು ರೊಟ್ಟಿಯ ಬುಟ್ಟಿ ಇಟ್ಟುಹೋದಳು, ಒಬ್ಬಳು ಮರಿ ಹಾಕಿದ ಮೇಕೆಯನ್ನೇ ಕಟ್ಟಿಹೋದಳು. ಪಾತ್ರಧಾರಿಗಳಿಗೆ ಕಾಲಿಡಲು ಜಾಗವಿಲ್ಲದಾಯಿತು.

ಆಟ ಮುಂದುವರಿಯಬೇಕಲ್ಲ. ರುಕ್ಮವ್ವ ಹೊರಸಿನ ಮೇಲೆ ಕುಳಿತಳು, ಲಕ್ಕವ್ವ ಮೂಲೆಯಲ್ಲಿ ನಿಂತು ಅವಳ ಮಾತುಗಳನ್ನು ಆಡಿದಳು. ಎರಡನೆಯ ಅಂಕದಲ್ಲಿ ಅತ್ತೆ ಸೊಸೆಯನ್ನು ಸೌಟಿನಿಂದ ಹೊಡೆಯಬೇಕು. ದಶರಥ ಸೌಟು ಎತ್ತಿದ. ಮುಂದೆ ಕುಳಿತ ಸಕ್ರವ್ವ ಕೆಮ್ಮಿದಳು. ದಶರಥ ಸೌಟು ಇಳಿಸಿ, ಊಟ ಮಾಡಿದೆಯೇನವ್ವ ಎಂದು ಕೇಳಿದ. ಮೂರನೆಯ ಅಂಕದಲ್ಲಿ ದುಷ್ಟ ಬಂದ. ಚಪ್ಪಲಿ ಹೊರಗೆ ಬಿಟ್ಟ, ಒಂದು ತಂಬಿಗೆ ನೀರು ಕೇಳಿ ಕುಡಿದ, ಬರುತ್ತೇನವ್ವ ಎಂದು ಹೋದ. ಗಂಡ ಹೆಂಡತಿಯನ್ನು ಬಿಟ್ಟು ದೇಶಾಂತರ ಹೋಗುವ ಪ್ರವೇಶವನ್ನು ಧೂಳಪ್ಪ ಮಾಡಲೇ ಇಲ್ಲ. ನಾನು ಮಾತು ಎತ್ತಿಕೊಟ್ಟೆ, ಅವನು ಕೇಳಿಸದವನಂತೆ ಹೊರಸಿನ ತುದಿಯಲ್ಲಿ ಕುಳಿತ. ಬೆಳತನಕ ನಡೆಯಬೇಕಾದ ಆಟ ಊಟದ ಹೊತ್ತಿಗೇ ಮುಗಿಯಿತು. ಮನೆಯಲ್ಲಿ ದುಃಖವೇ ಇಲ್ಲದ ಮೇಲೆ ನಾಟಕ ಎಷ್ಟು ಹೊತ್ತು ನಡೆದೀತು? ಜನ ಮಾತ್ರ ಏಳಲಿಲ್ಲ. ಸುಖವಾಗಿ ಕುಳಿತ ಇಬ್ಬರನ್ನು ನೋಡುತ್ತ ರೊಟ್ಟಿ ತಿಂದರು. ಆ ರಾತ್ರಿ ಪರಸವ್ವ ಲಕ್ಕವ್ವನನ್ನು ಕೈಹಿಡಿದು ನಮ್ಮ ಮನೆಯೊಳಗೆ ಕರೆದು, ತನ್ನ ಪಕ್ಕದಲ್ಲಿ ಕೂಡಿಸಿಕೊಂಡು ಉಣಿಸಿದಳು.

ಬೆಳಗಾದ ಮೇಲೆ ರಾಚವ್ವ ಸೊಸೆಯನ್ನು ತನ್ನ ಮನೆಗೆ ಕರೆದೊಯ್ದಳು. ನಾವೂ ಹಿಂದೆ ಹೋದೆವು, ಸಕ್ರವ್ವನ ಬಂಡಿಯೂ ಬಂತು. ಬಾಗಿಲಿಗೆ ಬಂದಾಗ ರಾಚವ್ವ ನಿಂತಳು. ಇಲ್ಲಿಯೂ ಸೇರು ಇಡಬೇಕೋ ಎಂದು ಪರಸವ್ವನನ್ನು ಕೇಳಿದಳು. ಹೆಣ್ಣು ಮನೆ ತುಂಬುವುದು ಒಂದೇ ಸಲ, ಅದು ನಿನ್ನೆ ಆಯಿತು ಎಂದಳು ಪರಸವ್ವ. ಸಕ್ರವ್ವ ಬಂಡಿಯ ಮೇಲಿನಿಂದಲೇ ಹೌದೆಂದಳು.

ರುಕ್ಮವ್ವ ಆ ಮನೆಯನ್ನು ಅದುವರೆಗೆ ಕಣ್ಣಿನಿಂದ ಕಂಡವಳಲ್ಲ. ನೀರಿಗೆ ಹೋಗಿ ಹಿಂದಿರುಗಿದವಳ ಹಾಗೆ ತಲೆ ಬಾಗಿಸಿ ಒಳಗೆ ನಡೆದಳು. ನಾವು ಹೊರಗೆ ನಿಂತಿದ್ದೆವು. ಒಲೆಯ ಬೂದಿ ಕೆದರುವ ಸಪ್ಪಳವಾಯಿತು. ಒಳಗಿನಿಂದ ಅವಳ ದನಿ ಬಂತು.

"ಅತ್ತೀ, ಕಡ್ಡಿಪೆಟಗಿ ಎಲ್ಲಿ ಇಟ್ಟೀರಿ?"